ಒಂದು ಮೊಣಕೈ, ಹತ್ತಾರು ಕಣ್ಣು

ಬ್ಲಾಗಿನ ಕಡೆ ತಲೆ ಹಾಕಿ ಆರೇಳು ತಿಂಗಳೇ ಆಯ್ತು. "ಎಲ್ಲಿ ಸಾರ್ ನಾಪತ್ತೆ?" ಅಂತ ಇಬ್ಬರು ಮೂವರು ಮೇಲ್ ಕೂಡ ಹಾಕಿದ್ದರು. ಸೋಮಾರಿತನ ಒಂದು ಕಾರಣ, ಅದು ಹಳೆಯದು. ಈ ಸಲದ ಹೊಸ ಕಾರಣ ಬೇಸ್‌ಬಾಲ್ :-)

ಮೈಸೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ನನಗೆ ಬೇಸ್‌ಬಾಲ್ ಅಂದರೆ ಮೊದಲಿಂದಲೂ ಅಷ್ಟಕ್ಕಷ್ಟೆ. ಆದರೆ ಇಲ್ಲೇ ನಾರ್ತ್ ಕೆರೊಲಿನಾದಲ್ಲಿ ಹುಟ್ಟಿದ ನನ್ನ ಮಗನಿಗೆ ಅದೇ ಪ್ರಾಣ. ಈಗ ಹನ್ನೊಂದನೇ ಕ್ಲಾಸು. ಅವನು ಪಿಚರ್, ಅಂದರೆ ನಮ್ಮ ಲೆಕ್ಕದಲ್ಲಿ ಬೌಲರ್. ಓಡಿ ಬರುವಂತಿಲ್ಲ. ಒಂದು ದಿಬ್ಬದ ಮೇಲೆ ನಿಂತಲ್ಲಿಂದಲೇ ಮೊಣಕೈ ಮಡಿಸಿ ಬೀಸಿ ಎಸೆಯಬೇಕು. ನಮ್ಮಲ್ಲಿ "ಚಕಿಂಗ್" ಅಂತ ಅಂಪೈರು ನೋ ಬಾಲ್ ಕೊಡುವ ಕೆಲಸವೇ ಇಲ್ಲಿ ಇವರ ಕಸುಬು.

ಮೊನ್ನೆ ಒಂದು ಶನಿವಾರ ಟೂರ್ನಮೆಂಟಿಗೆ ಕರೆದುಕೊಂಡು ಹೋಗಿದ್ದೆ. ಬಲೆಯ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು ಆರೇಳು ಗಂಡಸರು ಕೂತಿದ್ದರು. ಎಲ್ಲರ ಕೈಯಲ್ಲೂ ರೇಡಾರ್ ಗನ್. ಇವನು ಚೆಂಡು ಎಸೆದ ಕೂಡಲೇ ಯಾರೂ ಇವನ ಮುಖ ನೋಡುತ್ತಿರಲಿಲ್ಲ, ಗನ್ನಿನಲ್ಲಿ ಬಂದ ಅಂಕಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅವರು ಕಾಲೇಜು ತಂಡಗಳ ಕಡೆಯವರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ನೆನಪಾಯ್ತು ನನಗೆ. ಉಪ್ಪಿಟ್ಟು ಕೇಸರಿಬಾತು ಒಂದಿರಲಿಲ್ಲ ಅಷ್ಟೆ.

ವಾಪಸ್ಸು ಬರುವಾಗ ಕಾರಿನಲ್ಲಿ ಮಗ ನೀರಿನ ಬಾಟಲಿಯನ್ನು ಎಡಗೈಯಲ್ಲಿ ಎತ್ತಿದ. ಅವನು ಬಲಗೈಯವನು.

"ಕೈ ನೋಯ್ತಿದೆಯೇನೋ?"

"ಏನಿಲ್ಲ ಅಪ್ಪ. ಸ್ವಲ್ಪ ಟೈಟ್ ಆಗಿದೆ ಅಷ್ಟೆ."

"ಎಷ್ಟು ದಿನದಿಂದ?"

ಎರಡು ಸಿಗ್ನಲ್ ದಾಟುವವರೆಗೂ ಮಾತಿಲ್ಲ. ಆಮೇಲೆ ಮೆಲ್ಲಗೆ, "ಆಗಸ್ಟಿಂದ" ಅಂದ.

ಆಗಸ್ಟ್ ಯಾಕೆ ಅಂತ ನನಗೆ ಗೊತ್ತಿತ್ತು. 2023ರಲ್ಲಿ ಬಂದ ನಿಯಮದ ಪ್ರಕಾರ ಹನ್ನೊಂದನೇ ಕ್ಲಾಸಿಗೆ ಹೋಗುವ ವರ್ಷದ ಆಗಸ್ಟ್ 1ರವರೆಗೆ ದೊಡ್ಡ ಕಾಲೇಜುಗಳ ಬೇಸ್‌ಬಾಲ್ ಕೋಚ್‌ಗಳು ಹುಡುಗರ ಜೊತೆ ಮಾತಾಡುವ ಹಾಗಿಲ್ಲ. ಆ ದಿನ ಬಂದ ಮೇಲೆ ಇವನಿಗೂ ಮೇಲ್‌ಗಳು ಶುರುವಾಗಿದ್ದವು. ಎರಡು ವಾರ ಬಿಟ್ಟು ಒಂದು ಯೂನಿವರ್ಸಿಟಿಯ ಕೋಚ್ ಇವನನ್ನೇ ನೋಡಲು ಬರುವವರಿದ್ದರು. "ಅವತ್ತೊಂದು ದಿನ ಎಸೀತೀನಿ ಅಪ್ಪ, ಆಮೇಲೆ ಡಾಕ್ಟರ್ ಹತ್ರ ಹೋಗೋಣ" ಅಂತ ಅವನ ವಾದ.

ನನಗೆ ಏನು ಹೇಳಬೇಕೋ ತೋಚಲಿಲ್ಲ. ತೋಚದಿದ್ದಾಗ ನಾನು ಮಾಡುವುದು ಒಂದೇ ಕೆಲಸ, ಹಳೆಯ ಕಥೆ ಓದುವುದು. ಕಾಲೇಜಿನವರು ಹುಡುಗರ ತೋಳು ಹುಡುಕಿಕೊಂಡು ಬರುವ ಈ ಪದ್ಧತಿ ಎಲ್ಲಿಂದ ಬಂತು ಅಂತ ಒಂದು ವಾರ ರಾತ್ರಿ ಕೂತು ಓದಿದೆ. ಅದನ್ನೇ ನಿಮಗೂ ಹೇಳುತ್ತೇನೆ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಓದಿ, ಕಥೆ ಆಟದ್ದಲ್ಲ.

*

ಶುರು ಮಾಡಬೇಕಾದ್ದು ಜಾರ್ಜ್ ಸಿಸ್ಲರ್ ಅನ್ನುವ ಹುಡುಗನಿಂದ. ಒಹಾಯೊದವನು, ಎಡಗೈ ಪಿಚರ್. ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ ಆಕ್ರನ್ ಊರಿನ ವೃತ್ತಿಪರ ತಂಡದ ಕರಾರಿಗೆ ಸಹಿ ಹಾಕಿಬಿಟ್ಟ. ಅಪ್ಪನ ಒಪ್ಪಿಗೆ ಇರಲಿಲ್ಲ, ಒಂದು ಕಾಸೂ ಕೈಗೆ ಬಂದಿರಲಿಲ್ಲ, ಒಂದು ಪಂದ್ಯವನ್ನೂ ಆಡಲಿಲ್ಲ. ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರಿಕೊಂಡ. ಆದರೆ ಆ ಕಾಗದ ಸುಮ್ಮನಿರಲಿಲ್ಲ. ಆಕ್ರನ್‌ನವರಿಂದ ಕೊಲಂಬಸ್‌ಗೆ, ಅಲ್ಲಿಂದ ಪಿಟ್ಸ್‌ಬರ್ಗ್ ಪೈರೇಟ್ಸ್‌ಗೆ ಮಾರಾಟವಾಯಿತು. ಹುಡುಗ ಕ್ಲಾಸಿನಲ್ಲಿ ಕೂತಿದ್ದಾನೆ, ಅವನ ತೋಳು ಮಾತ್ರ ಕೈಯಿಂದ ಕೈಗೆ ಹೋಗುತ್ತಿದೆ!

ಮಿಶಿಗನ್‌ನಲ್ಲಿ ಅವನ ಕೋಚ್ ಆಗಿದ್ದವರು ಬ್ರಾಂಚ್ ರಿಕಿ. ಆಗ ಅಲ್ಲಿ ಕಾನೂನು ಓದಿಕೊಂಡೇ ಕೋಚ್ ಕೆಲಸಕ್ಕೆ ಸೇರಿದ್ದವರು. ಮುಂದೆ ಜಾಕಿ ರಾಬಿನ್ಸನ್‌ನನ್ನು ಕರೆತಂದು 1947ರಲ್ಲಿ ಬೇಸ್‌ಬಾಲಿನ ವರ್ಣಭೇದ ಮುರಿದವರೂ ಅವರೇ. ಅಪ್ರಾಪ್ತ ವಯಸ್ಸಿನಲ್ಲಿ ಹಾಕಿದ ಸಹಿಗೆ ಬೆಲೆ ಇಲ್ಲ ಅನ್ನುವುದು ಸಿಸ್ಲರ್ ಕಡೆಯ ವಾದ. ಕೊನೆಗೆ ಬೇಸ್‌ಬಾಲಿನ ರಾಷ್ಟ್ರೀಯ ಆಯೋಗ ಅದನ್ನೇ ಒಪ್ಪಿತು. 1915ರಲ್ಲಿ ಪದವಿ ಮುಗಿಸಿ ಸಿಸ್ಲರ್ ಹೋದದ್ದು ಸೇಂಟ್ ಲೂಯಿ ಬ್ರೌನ್ಸ್‌ಗೆ. ಅಷ್ಟು ಹೊತ್ತಿಗೆ ರಿಕಿ ಅಲ್ಲಿದ್ದರು! ಸಿಸ್ಲರ್ ಮುಂದೆ ಪಿಚರ್ ಆಗಿ ಉಳಿಯಲಿಲ್ಲ, ಬ್ಯಾಟಿನಲ್ಲಿ ದೊಡ್ಡ ಹೆಸರು ಮಾಡಿದ. 1920ರಲ್ಲಿ ಅವನು ಹೊಡೆದ 257 ಹಿಟ್‌ಗಳ ದಾಖಲೆ ಮುರಿಯಲು 2004ರಲ್ಲಿ ಇಚಿರೊ ಬರಬೇಕಾಯಿತು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ. ಹುಡುಗನ ಪರವಾಗಿ ನಿಂತ ಕೋಚ್‌ಗೂ ಆ ಹುಡುಗ ಬೇಕಾಗಿದ್ದ. ಒಳ್ಳೆಯತನ, ಲಾಭ ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಅಂದಿಗೂ ಕಷ್ಟ, ಇಂದಿಗೂ ಕಷ್ಟ.

ಎರಡನೆಯದು ಲೂ ಗೆಹ್ರಿಗ್ ಕಥೆ. ಇದು ನಮ್ಮಂಥ ವಲಸಿಗರ ಕಥೆ. ಅಪ್ಪ ಅಮ್ಮ ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದವರು. ಅಮ್ಮ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಒಂದು ವಸತಿಮನೆಯಲ್ಲಿ ಅಡುಗೆ ಕೆಲಸಕ್ಕಿದ್ದಳು. ಅವಳಿಗೆ ಮಗ ಇಂಜಿನಿಯರ್ ಆಗಬೇಕು ಅಂತ ಆಸೆ (ಎಲ್ಲೋ ಕೇಳಿದ ಹಾಗಿದೆಯಾ? :-)). ಮಗ ಕೊಲಂಬಿಯಾಕ್ಕೇ ಸೇರಿದ. ಆದರೆ 1921ರ ಬೇಸಿಗೆಯಲ್ಲಿ ಹಾರ್ಟ್‌ಫರ್ಡ್ ಅನ್ನುವ ವೃತ್ತಿಪರ ತಂಡಕ್ಕೆ "ಲೂ ಲೂಯಿಸ್" ಅನ್ನುವ ಸುಳ್ಳು ಹೆಸರಿನಲ್ಲಿ ಹನ್ನೆರಡು ಪಂದ್ಯ ಆಡಿಬಿಟ್ಟ. ಕಾಸು ತೆಗೆದುಕೊಂಡು ಆಡಿದರೆ ಕಾಲೇಜಿನಲ್ಲಿ ಆಡುವ ಹಾಗಿಲ್ಲ ಅನ್ನುವುದು ಆಗಿನ ಕಾನೂನು. ಸಿಕ್ಕಿಬಿದ್ದ, ಒಂದು ವರ್ಷ ಕಾಲೇಜು ಆಟದಿಂದ ಹೊರಗೆ.

1923ರ ಏಪ್ರಿಲ್ 18ರಂದು ನ್ಯೂಯಾರ್ಕಿನಲ್ಲಿ ಯಾಂಕೀ ಸ್ಟೇಡಿಯಂ ಉದ್ಘಾಟನೆಯಾಯಿತು. ಅದೇ ದಿನ ಕೊಲಂಬಿಯಾ ಮೈದಾನದಲ್ಲಿ ಗೆಹ್ರಿಗ್ ಪಿಚರ್ ಆಗಿ ವಿಲಿಯಮ್ಸ್ ಕಾಲೇಜಿನ 17 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ. ಆದರೂ ಕೊಲಂಬಿಯಾ ಸೋತಿತು. ಅದೇ ಋತುವಿನಲ್ಲಿ ಯಾಂಕೀಸ್ ಸ್ಕೌಟ್ ಪಾಲ್ ಕ್ರಿಚೆಲ್ ಅವನನ್ನು ನೋಡಿ ಕರಾರು ಮಾಡಿಸಿದ. ಬೋನಸ್ 1,500 ಡಾಲರ್. ಮನೆಯಲ್ಲಿ ಕಾಯಿಲೆ, ಕಷ್ಟ ಇತ್ತು. ಓದು ಅರ್ಧಕ್ಕೇ ನಿಂತಿತು. ಅವನು ಮುಂದೆ ಏನಾದ ಅಂತ ಜಗತ್ತಿಗೇ ಗೊತ್ತು. ಆದರೆ ಆ ಅಮ್ಮ ಕರಾರು ನೋಡಿದ ದಿನ ರಾತ್ರಿ ಏನು ಯೋಚಿಸಿರಬಹುದು ಅಂತ ನಾನು ಯೋಚಿಸುತ್ತಾ ಕೂತೆ.

*

ಆ ಕಾಲದಲ್ಲಿ ಕಾಲೇಜಿನವರು ಪಿಚರ್‌ಗಳನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದದ್ದು ಕಡಿಮೆ. ಸ್ಯಾಂಡಿ ಕೂಫ್ಯಾಕ್ಸ್ 1953ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಸೇರಿ ಆಡಲು ಹೋದದ್ದು ಬ್ಯಾಸ್ಕೆಟ್‌ಬಾಲ್! ಅಲ್ಲಿಯ ಎಡ್ ಜಕರ್ ಅನ್ನುವ ಕೋಚ್ ಎರಡೂ ಆಟ ನೋಡಿಕೊಳ್ಳುತ್ತಿದ್ದರು, ಹಾಗಾಗಿ 1954ರ ವಸಂತದಲ್ಲಿ ಇವನು ಬೇಸ್‌ಬಾಲಿಗೂ ಬಂದ. 32 ಇನ್ನಿಂಗ್ಸ್‌ನಲ್ಲಿ 51 ಸ್ಟ್ರೈಕ್‌ಔಟ್, ಜೊತೆಗೆ 30 ವಾಕ್. ಅಂದರೆ ವೇಗ ಇದೆ, ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಅವನಿಗೂ ಗೊತ್ತಿಲ್ಲ. ಅದೇ ಡಿಸೆಂಬರಿನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ 6,000 ಡಾಲರ್ ಸಂಬಳ, 14,000 ಡಾಲರ್ ಬೋನಸ್ ಕೊಟ್ಟು ಕರೆದುಕೊಂಡರು.

ಆಗ ಒಂದು ವಿಚಿತ್ರ ನಿಯಮ ಇತ್ತು. 4,000 ಡಾಲರಿಗಿಂತ ಹೆಚ್ಚು ಬೋನಸ್ ಕೊಟ್ಟರೆ ಆ ಹುಡುಗನನ್ನು ಎರಡು ವರ್ಷ ದೊಡ್ಡ ತಂಡದಲ್ಲೇ ಇಟ್ಟುಕೊಳ್ಳಬೇಕು, ಕಲಿಯಲು ಕೆಳಗಿನ ಲೀಗಿಗೆ ಕಳಿಸುವ ಹಾಗಿಲ್ಲ. ಕೂಫ್ಯಾಕ್ಸ್ ಬೆಂಚಿನ ಮೇಲೆ ಕೂತೇ ಕಲಿಯಬೇಕಾಯಿತು. ಮೊದಲ ಆರು ವರ್ಷ 36 ಗೆಲುವು, 40 ಸೋಲು. ನಂತರದ ಆರು ವರ್ಷ 129 ಗೆಲುವು, 47 ಸೋಲು. 1966ರಲ್ಲಿ, 30ನೇ ವಯಸ್ಸಿನಲ್ಲಿ, ಮೊಣಕೈಯ ಸಂಧಿವಾತದಿಂದ ನಿವೃತ್ತಿ. ಆಟದ ತುತ್ತತುದಿಯಲ್ಲಿದ್ದಾಗಲೇ.

1965ರಲ್ಲಿ ಡ್ರಾಫ್ಟ್ ಬಂತು. ತಂಡಗಳು ಸರದಿಯ ಪ್ರಕಾರ ಹುಡುಗರನ್ನು ಆರಿಸಿಕೊಳ್ಳುವುದು, ಆರಿಸಿದ ತಂಡದ ಜೊತೆ ಮಾತ್ರ ಹುಡುಗ ಚೌಕಾಸಿ ಮಾಡಬೇಕು. ಇದರಿಂದ ಕಾಲೇಜಿಗೆ ಹೊಸ ಬೆಲೆ ಬಂತು. "ನೀವು ಕೊಡುವುದು ಕಡಿಮೆಯಾಯಿತು, ನಾನು ಓದಲು ಹೋಗುತ್ತೇನೆ" ಅಂತ ಹೇಳುವುದೊಂದೇ ಹುಡುಗನ ಕೈಲಿದ್ದ ಅಸ್ತ್ರ.

ಆ ಅಸ್ತ್ರ ಮೊದಲು ಹಿಡಿದವರಲ್ಲಿ ಒಬ್ಬ ಟಾಮ್ ಸೀವರ್. ಕ್ಯಾಲಿಫೋರ್ನಿಯಾದ ಫ್ರೆಸ್ನೊದವನು. ಹೈಸ್ಕೂಲಿನಲ್ಲಿ ಕುಳ್ಳಗೆ ಸಣಕಲಾಗಿದ್ದರಿಂದ ಯಾವ ಕಾಲೇಜೂ ತಿರುಗಿ ನೋಡಲಿಲ್ಲ. ಒಣದ್ರಾಕ್ಷಿ ಕಾರ್ಖಾನೆಯಲ್ಲಿ ಪೆಟ್ಟಿಗೆ ಎತ್ತಿದ, ಮರೀನ್ ಮೀಸಲು ಪಡೆಯಲ್ಲಿ ತರಬೇತಿ ಪಡೆದ, ಅಷ್ಟರಲ್ಲಿ ಮೈಕೈ ತುಂಬಿಕೊಂಡಿತು. ಊರಿನ ಸಿಟಿ ಕಾಲೇಜಿನಲ್ಲಿ ಎಸೆದದ್ದನ್ನು ನೋಡಿ ಯು.ಎಸ್.ಸಿ.ಯ ಹೆಸರಾಂತ ಕೋಚ್ ರಾಡ್ ಡೆಡೊ ಅವನನ್ನು ಬೇಸಿಗೆಯಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಆಡಲು ಕಳಿಸಿದರು. ಅಲ್ಲಿ ಗೆದ್ದ, ಸ್ಕಾಲರ್‌ಶಿಪ್ ಸಿಕ್ಕಿತು.

1965ರಲ್ಲಿ ಡಾಡ್ಜರ್ಸ್ ಆರಿಸಿದರು, ದುಡ್ಡಿನ ಮಾತು ಕುದುರಲಿಲ್ಲ. 1966ರ ಆರಂಭದಲ್ಲಿ ಬ್ರೇವ್ಸ್ ಜೊತೆ ಕರಾರಾಯಿತು. ಆದರೆ ಅಷ್ಟರಲ್ಲಿ ಯು.ಎಸ್.ಸಿ. ಎರಡು ಅಭ್ಯಾಸ ಪಂದ್ಯ ಆಡಿಬಿಟ್ಟಿತ್ತು. ಕಾಲೇಜು ಋತು ಶುರುವಾದ ಮೇಲೆ ಸಹಿ ಹಾಕಿಸುವ ಹಾಗಿಲ್ಲ ಅಂತ ಬೇಸ್‌ಬಾಲ್ ಕಮಿಷನರ್ ಕರಾರು ರದ್ದು ಮಾಡಿದರು. ಸರಿ, ಕಾಲೇಜಿಗೇ ವಾಪಸ್ಸು ಹೋಗೋಣ ಅಂದರೆ, ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್.ಸಿ.ಎ.ಎ. "ನೀನು ಸಹಿ ಹಾಕಿದ್ದೀಯ, ಇನ್ನು ಆಡುವ ಹಾಗಿಲ್ಲ" ಅಂದಿತು. ಅತ್ತ ದರಿ ಇತ್ತ ಪುಲಿ. ಅಪ್ಪ ಕೋರ್ಟಿಗೆ ಹೋಗುತ್ತೇನೆ ಅಂದ ಮೇಲೆ ಒಂದು ದಾರಿ ಹುಡುಕಿದರು. ಬ್ರೇವ್ಸ್ ಕೊಟ್ಟಷ್ಟೇ ಹಣ ಕೊಡಲು ಸಿದ್ಧವಿರುವ ತಂಡಗಳ ಹೆಸರನ್ನು ಟೋಪಿಯಲ್ಲಿ ಹಾಕಿ ಚೀಟಿ ಎತ್ತುವುದು! ಮುಂದೆ ಬಂದದ್ದು ಮೂರೇ ತಂಡ. ಚೀಟಿ ಬಂದದ್ದು ನ್ಯೂಯಾರ್ಕ್ ಮೆಟ್ಸ್‌ಗೆ. ಮೂರೇ ವರ್ಷದಲ್ಲಿ, 1969ರಲ್ಲಿ, ಎಲ್ಲರ ನಗೆಪಾಟಲಾಗಿದ್ದ ಮೆಟ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. ಸೀವರ್ ಒಟ್ಟು 311 ಪಂದ್ಯ ಗೆದ್ದ.

ಒಳ್ಳೆಯದೇ ಆಯಿತು ಬಿಡಿ. ಆದರೆ ಎರಡು ಅಭ್ಯಾಸ ಪಂದ್ಯ, ಒಂದು ಚೀಟಿ - ಇಷ್ಟರ ಮೇಲೆ ಒಬ್ಬ ಹುಡುಗನ ಜೀವನ ನಿಂತಿತ್ತು.

*

1973 ಮತ್ತು 1974, ಈ ಎರಡು ವರ್ಷದಲ್ಲಿ ನಡೆದ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿ.

ಮೊದಲನೆಯದು, 1973ರ ಡ್ರಾಫ್ಟಿನಲ್ಲಿ ಮೊದಲು ಆಯ್ಕೆಯಾದವನು ಹ್ಯೂಸ್ಟನ್ನಿನ ಹೈಸ್ಕೂಲ್ ಹುಡುಗ ಡೇವಿಡ್ ಕ್ಲೈಡ್. ಟೆಕ್ಸಸ್ ರೇಂಜರ್ಸ್ ತಂಡಕ್ಕೆ ಪ್ರೇಕ್ಷಕರೇ ಬರುತ್ತಿರಲಿಲ್ಲ. ಹೈಸ್ಕೂಲ್ ಮುಗಿಸಿ ಮೂರು ವಾರ ಕಳೆಯುವುದರೊಳಗೆ, ಜೂನ್ 27ರಂದು, 18 ವರ್ಷದ ಹುಡುಗನನ್ನು ಸೀದಾ ದೊಡ್ಡ ಮೈದಾನಕ್ಕೆ ಇಳಿಸಿದರು. ಟಿಕೆಟ್ಟೆಲ್ಲ ಖಾಲಿ, 35 ಸಾವಿರಕ್ಕೂ ಹೆಚ್ಚು ಜನ. ಅವತ್ತು ಗೆದ್ದ. ಆದರೆ ವೃತ್ತಿಜೀವನ 18 ಗೆಲುವು, 33 ಸೋಲಿಗೆ ಮುಗಿಯಿತು. 1979ರ ನಂತರ ದೊಡ್ಡ ಲೀಗಿನಲ್ಲಿ ಅವನು ಆಡಲೇ ಇಲ್ಲ. ಅದೇ ಡ್ರಾಫ್ಟಿನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದವನು ಡೇವ್ ವಿನ್‌ಫೀಲ್ಡ್, ಮಿನೆಸೋಟ ವಿಶ್ವವಿದ್ಯಾಲಯದ ಪಿಚರ್. ಅವನೂ ಸೀದಾ ದೊಡ್ಡ ಲೀಗಿಗೆ ಹೋದವನೇ, ಆದರೆ ಕಾಲೇಜು ಮುಗಿಸಿ, ಪಿಚಿಂಗ್ ಬಿಟ್ಟು ಬ್ಯಾಟ್ ಹಿಡಿದು. ಮುಂದೆ ಹಾಲ್ ಆಫ್ ಫೇಮ್ ಸೇರಿದ.

ಎರಡನೆಯದು, 1974ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಕೋಚ್ ಡ್ಯಾನಿ ಲಿಟ್‌ವೈಲರ್ ಕ್ಯಾಂಪಸ್ ಪೊಲೀಸರ ಬಳಿ ಕಾರಿನ ವೇಗ ಅಳೆಯುವ ರೇಡಾರ್ ಇರುವುದನ್ನು ತಿಳಿದರು. ಇದರಲ್ಲಿ ಚೆಂಡಿನ ವೇಗ ಯಾಕೆ ಅಳೆಯಬಾರದು? ಅಲ್ಲಿಂದ ಹುಟ್ಟಿದ್ದೇ ಬೇಸ್‌ಬಾಲ್ ರೇಡಾರ್ ಗನ್. ಅದುವರೆಗೆ "ಹುಡುಗ ಚೆನ್ನಾಗಿ ಎಸೀತಾನೆ" ಅನ್ನುತ್ತಿದ್ದವರು ಮುಂದೆ "90 ಎಸೀತಾನೆ" ಅನ್ನತೊಡಗಿದರು. 90 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ ಗಂಟೆಗೆ 145 ಕಿಲೋಮೀಟರ್.

ಮೂರನೆಯದು, ಅದೇ 1974ರ ಸೆಪ್ಟೆಂಬರ್ 25ರಂದು ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಅನ್ನುವ ಪಿಚರನ ಹರಿದುಹೋದ ಎಡ ಮೊಣಕೈ ಲಿಗಮೆಂಟಿನ ಜಾಗಕ್ಕೆ ಬಲಗೈಯಿಂದ ತೆಗೆದ ಟೆಂಡನ್ ಕಸಿ ಮಾಡಿದರು. ಅವನು 1976ರಲ್ಲಿ ಮರಳಿ ಬಂದು ಇನ್ನೂ 164 ಪಂದ್ಯ ಗೆದ್ದ.

ವೇಗ ಅಳೆಯುವ ಯಂತ್ರ, ಮೊಣಕೈ ರಿಪೇರಿ ಮಾಡುವ ವಿದ್ಯೆ ಎರಡೂ ಒಂದೇ ವರ್ಷ ಬಂದವು. ಒಂದು ಹುಡುಗರನ್ನು ಇನ್ನೂ ಜೋರಾಗಿ ಎಸೆಯುವಂತೆ ಮಾಡಿತು. ಇನ್ನೊಂದು, ಹರಿದರೂ ಹೊಲಿಯಬಹುದು ಅನ್ನುವ ಧೈರ್ಯ ಕೊಟ್ಟಿತು.

*

ಈಗ ದುಡ್ಡಿನ ಲೆಕ್ಕ. ಕಾಲೇಜು ಅಂದರೆ ಪೂರ್ತಿ ಫ್ರೀ ಅಂತ ನಾನೂ ಅಂದುಕೊಂಡಿದ್ದೆ. ಇಲ್ಲ ಸ್ವಾಮಿ! ದೊಡ್ಡ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 85 ಪೂರ್ಣ ಸ್ಕಾಲರ್‌ಶಿಪ್ ಇದ್ದರೆ, ಬೇಸ್‌ಬಾಲಿಗೆ 1990ರ ದಶಕದ ಆರಂಭದಿಂದ ಇದ್ದದ್ದು ಬರೀ 11.7. ಮೊದಲು 13 ಇತ್ತು, ಖರ್ಚು ಉಳಿಸಲು ಶೇಕಡಾ 10 ಕತ್ತರಿಸಿದಾಗ ಈ ಚಿಲ್ಲರೆ ಸಂಖ್ಯೆ ಬಂತು. ಆಮೇಲೆ ಬಂದ ನಿಯಮದಂತೆ ಈ 11.7ನ್ನು 27 ಹುಡುಗರಿಗೆ ಹಂಚಬಹುದಿತ್ತು, ಒಬ್ಬೊಬ್ಬರಿಗೆ ಕನಿಷ್ಠ ಕಾಲು ಭಾಗ. ಭಾಗಾಕಾರ ಮಾಡಿದರೆ ತಲೆಗೆ ಅರ್ಧವೂ ಬರುತ್ತಿರಲಿಲ್ಲ. ಉಳಿದ ಫೀಸು ಅಪ್ಪ ಅಮ್ಮನ ತಲೆಗೆ.

ಮೇಲಾಗಿ, ಚೌಕಾಸಿಯ ಹೊತ್ತಿನಲ್ಲಿ ಹುಡುಗನ ಪಕ್ಕ ವಕೀಲ ಕೂರುವಂತಿಲ್ಲ ಅಂತ ಬೇರೆ ನಿಯಮ ಆಗ ಇತ್ತು. ಒಕ್ಲಹೋಮ ಸ್ಟೇಟ್ ಪಿಚರ್ ಆಂಡಿ ಆಲಿವರ್ ಹೈಸ್ಕೂಲು ಮುಗಿಸಿದ 2006ರಲ್ಲಿ ಮಿನೆಸೋಟ ಟ್ವಿನ್ಸ್ ಜೊತೆ ಮಾತಾಡುವಾಗ ಅವನ ವಕೀಲ ಕೋಣೆಯಲ್ಲಿದ್ದ ಅನ್ನುವ ಕಾರಣಕ್ಕೆ 2008ರಲ್ಲಿ ಅವನನ್ನು ಅಮಾನತು ಮಾಡಿದರು. ಅವನು ಒಹಾಯೊ ಕೋರ್ಟಿಗೆ ಹೋದ. 2009ರಲ್ಲಿ ನ್ಯಾಯಾಧೀಶರು ಅವನ ಪರ ತೀರ್ಪು ಕೊಟ್ಟರು, ಕೊನೆಗೆ ಎನ್.ಸಿ.ಎ.ಎ. 7,50,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಒಂದು ಕಡೆ ಕೋಟ್ಯಧಿಪತಿಗಳ ತಂಡ, ಇನ್ನೊಂದು ಕಡೆ ಹದಿನೆಂಟರ ಹುಡುಗ, ಅವನ ಪಕ್ಕ ಒಬ್ಬ ವಕೀಲ ಕೂತರೆ ತಪ್ಪು! ಸಿಸ್ಲರ್ ಕಾಲದಿಂದ ನಾವು ಎಷ್ಟು ದೂರ ಬಂದ ಹಾಗಾಯಿತು?

ಈಚೆಗೆ ಎಲ್ಲ ತಲೆಕೆಳಗಾಗಿದೆ. 2021ರಿಂದ ಕಾಲೇಜು ಹುಡುಗರು ತಮ್ಮ ಹೆಸರಿನಿಂದ ದುಡಿಯಬಹುದು, ಒಂದು ಕಾಲೇಜಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. 2025ರ ಜೂನಿನಲ್ಲಿ ಕೋರ್ಟ್ ಒಪ್ಪಿದ ಒಂದು ದೊಡ್ಡ ರಾಜಿಯ ನಂತರ 11.7ರ ಮಿತಿ ಹೋಗಿ, ಆ ವ್ಯವಸ್ಥೆಗೆ ಸೇರಿದ ಕಾಲೇಜುಗಳು 34 ಆಟಗಾರರ ತಂಡ ಇಟ್ಟುಕೊಂಡು ಬೇಕಾದರೆ ಎಲ್ಲರಿಗೂ ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದು. ಕೇಳಲು ಚೆನ್ನಾಗಿದೆ. ಆದರೆ ಬೇರೆ ಕಾಲೇಜಿನಲ್ಲಿ ಎರಡು ವರ್ಷ ಪಳಗಿದ 21ರ ಪಿಚರ್ ಸಿಗುವಾಗ ಕೋಚ್‌ಗೆ 18ರ ಹುಡುಗ ಯಾಕೆ ಬೇಕು? ಅದಕ್ಕೇ ಈಗಿನ ಹೈಸ್ಕೂಲ್ ಹುಡುಗರಿಗೆ ಇನ್ನೂ ಅವಸರ, ಇನ್ನೂ ವೇಗ, ಇನ್ನೂ ಹೆಚ್ಚು ಟೂರ್ನಮೆಂಟು.

ಆದರೆ ಅವಸರ ಮಾಡದವರ ಕಥೆಯೂ ಇದೆ. ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ಹೈಸ್ಕೂಲ್ ಮುಗಿದಾಗ ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. ದಪ್ಪಗಿದ್ದ. ಊರಿನಲ್ಲೇ ಸ್ಯಾನ್ ಡಿಯಾಗೊ ಸ್ಟೇಟ್ ಸೇರಿ ಟೋನಿ ಗ್ವಿನ್ ಕೈಕೆಳಗೆ ಬೆಳೆದು 2009ರಲ್ಲಿ ದೇಶಕ್ಕೇ ಮೊದಲ ಆಯ್ಕೆಯಾದ. (ಮರುವರ್ಷವೇ ಅವನ ಮೊಣಕೈಗೂ ಅದೇ ಟಾಮಿ ಜಾನ್ ಆಪರೇಶನ್ ಆಯಿತು ಅನ್ನುವುದನ್ನೂ ಹೇಳಬೇಕು.) ಪಾಲ್ ಸ್ಕೀನ್ಸ್ ವಾಯುಸೇನಾ ಅಕಾಡೆಮಿ ಸೇರಿದಾಗ ಕ್ಯಾಚರ್ ಕೂಡ ಆಗಿದ್ದ. ಎರಡು ವರ್ಷದ ನಂತರ ಲೂಸಿಯಾನಾ ಸ್ಟೇಟ್‌ಗೆ ಬಂದು 2023ರಲ್ಲಿ 209 ಸ್ಟ್ರೈಕ್‌ಔಟ್ ಮಾಡಿ ಅವನೂ ಮೊದಲ ಆಯ್ಕೆಯಾದ. ಹದಿನಾರರಲ್ಲಿ ರೇಡಾರ್ ಗನ್ ಹಿಡಿದವರು ಇವರನ್ನು ನೋಡಿ ಏನು ಬರೆದುಕೊಂಡಿದ್ದರೋ!

*

ಕೊನೆಗೆ ನನ್ನ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ, ಒಂದು ಅಂಕಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಕ್ರೀಡಾ ವೈದ್ಯಸಂಸ್ಥೆಯವರು ಭುಜ, ಮೊಣಕೈ ಆಪರೇಶನ್ ಆದ ಹುಡುಗ ಪಿಚರ್‌ಗಳನ್ನೂ ಆರೋಗ್ಯವಾಗಿದ್ದವರನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಎಸೆಯುವವರಿಗೆ ಆಪರೇಶನ್ ಅಪಾಯ ಐದು ಪಟ್ಟು. ತೋಳು ದಣಿದಿದ್ದರೂ ಎಸೆಯುವುದನ್ನೇ ರೂಢಿ ಮಾಡಿಕೊಂಡವರಿಗೆ 36 ಪಟ್ಟು!

ಮೂವತ್ತಾರು. "ಸ್ವಲ್ಪ ಟೈಟ್ ಆಗಿದೆ ಅಷ್ಟೆ."

ನನ್ನ ತಲೆಯಲ್ಲಿ ಬಂದದ್ದು ಮಾತ್ರ ನಮ್ಮ ಜಾವಗಲ್ ಶ್ರೀನಾಥ್. ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಇಂಜಿನಿಯರಿಂಗ್ ಓದಿದವರು, ನಮ್ಮ ಕಾಲದ ಹುಡುಗರಿಗೆಲ್ಲ ದೇವರು. 1997ರಲ್ಲಿ ಭುಜ ಕೈಕೊಟ್ಟು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಹೋಗಿ, ಆಪರೇಶನ್ ಆದಾಗ ನಾವೆಲ್ಲ ಇನ್ನು ಮುಗಿಯಿತು ಅಂದುಕೊಂಡಿದ್ದೆವು. ತಿಂಗಳುಗಟ್ಟಲೆ ಸುಮ್ಮನಿದ್ದು ಮರಳಿ ಬಂದು 2003ರ ವಿಶ್ವಕಪ್ ಫೈನಲ್‌ವರೆಗೂ ಆಡಿದರು. ಈ ಕಥೆಯನ್ನು ಮಗನಿಗೆ ಹೇಳಿದೆ. "ಅವರಿಗೆ ಆಗ ಇಪ್ಪತ್ತೇಳು ವರ್ಷ ಕಣೋ, ನಿನಗೆ ಹದಿನಾರು" ಅಂದೆ. ಅವನು ಏನೂ ಅನ್ನಲಿಲ್ಲ. ಆದರೆ ಮಾರನೇ ದಿನ ಡಾಕ್ಟರ್ ಹತ್ತಿರ ಬರಲು ಒಪ್ಪಿದ.

ಲಿಗಮೆಂಟ್ ಹರಿದಿಲ್ಲ, ಊದಿಕೊಂಡಿದೆ ಅಂದರು. ಮೂರು ತಿಂಗಳು ಚೆಂಡು ಮುಟ್ಟಬಾರದು. ಕೋಚ್ ಬರುವ ದಿನವೂ ಅದರಲ್ಲೇ ಹೋಯಿತು. ನಾನು ಬರೆಯುತ್ತೇನೆ ಅಂದರೂ ಕೇಳದೆ ಆ ಕೋಚ್‌ಗೆ ಮಗ ತಾನೇ ಮೇಲ್ ಬರೆದ. ನಿಜವನ್ನೇ ಬರೆದ. ಎರಡು ಸಾಲಿನ ಉತ್ತರ ಬಂತು, "ಹೇಳಿದ್ದಕ್ಕೆ ಥ್ಯಾಂಕ್ಸ್, ಬೇಗ ಗುಣವಾಗಲಿ" ಅಂತ. ಅದಾದ ಮೇಲೆ ಇಂದಿನವರೆಗೆ ಏನೂ ಬಂದಿಲ್ಲ. ಎರಡು ದಿನ ಮಗ ನನ್ನ ಜೊತೆ ಮಾತಾಡಲಿಲ್ಲ. ನಾನು ಮಾಡಿಸಿದ್ದು ಸರಿಯೋ ತಪ್ಪೋ, ಆ ಎರಡು ದಿನ ನನಗೂ ಗೊತ್ತಿರಲಿಲ್ಲ.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಬೇಸ್‌ಬಾಲ್ ಅಂದರೆ ಏನು ಅಂತಲೇ ಅವರಿಗೆ ಗೊತ್ತಿಲ್ಲ. ಎಲ್ಲ ಕೇಳಿಸಿಕೊಂಡು, "ಕೈ ಉಳೀತಲ್ಲ, ಬಿಡೋ. ಊಟ ಮಾಡಕ್ಕೆ, ಬರೆಯಕ್ಕೆ ಅದೇ ಕೈ ತಾನೇ ಬೇಕಿರೋದು?" ಅಂದರು.

ಈಗ ಸಾಯಂಕಾಲ ಹಿತ್ತಲಲ್ಲಿ ಅವನು ಎಡಗೈಯಲ್ಲಿ ಗೋಡೆಗೆ ಟೆನಿಸ್ ಬಾಲ್ ಎಸೆಯುತ್ತಿರುತ್ತಾನೆ. ನಾನು ಬ್ಯಾಟ್ ಹಿಡಿದು ಹೋದರೆ ಬೌಲ್ ಮಾಡುತ್ತಾನೆ, ಮೊಣಕೈ ಮಡಿಸಿಯೇ! ನಾನು ನೋ ಬಾಲ್ ಅನ್ನುವುದು ಬಿಟ್ಟಿದ್ದೇನೆ :-)

ನಿಮ್ಮಲ್ಲಿ ಯಾರ ಮಕ್ಕಳಾದರೂ ಈಜು, ಟೆನಿಸ್, ಕ್ರಿಕೆಟ್ ಅಂತ ಈ ದಾರಿಯಲ್ಲಿದ್ದರೆ ನೀವು ಎಲ್ಲಿ "ಸಾಕು" ಅಂದಿರಿ, ಹೇಗೆ ಅಂದಿರಿ, ದಯವಿಟ್ಟು ಬರೆಯಿರಿ. ಕಾಯುತ್ತಿರುತ್ತೇನೆ.